ಹೊರಗಿನ ಓದು

ಗಂಟಲು ಕೈಕೊಟ್ಟಿತ್ತು. ಕೈಕೊಡಲು ಅದಕ್ಕೆ ಬೇರೆ ದಿನವೇ ಸಿಗಲಿಲ್ಲವೇ ಎಂದು ಗೊಣಗಿಕೊಳ್ಳುತ್ತ ವಾಚಕ ಕನ್ನಡಿಯ ಮುಂದೆ ಬಾಯಿ ಅಗಲಿಸಿ, ನಾಲಗೆ ಹೊರಚಾಚಿ ನೋಡಿಕೊಂಡ. ಒಳಗೆ ಕೆಂಪಗೆ ಏನೋ ಊದಿಕೊಂಡಂತಿತ್ತು. ಊದಿಕೊಳ್ಳದೆ ಇದ್ದಾಗ ಅದು ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ; ಅದೇ ಗಂಟಲಿನಿಂದ ಹೊಟ್ಟೆ ಹೊರೆದುಕೊಂಡು ಬಂದವನು ಒಂದು ದಿನವೂ ಅದರೊಳಗೆ ಇಣುಕಿದವನಲ್ಲ. ಬಸ್‌ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇವತ್ತಿಗೆ ಇಲ್ಲವೇ ಇಲ್ಲ ಎಂದು ಮೈಕಿನಲ್ಲಿ ಹೇಳುವುದು ಅವನ ನೌಕರಿ. ಮೈಕು ಕೆಟ್ಟ ದಿನ ಹೊರಗೆ ಬಂದು ಬರಿಗಂಟಲಿನಲ್ಲಿ ಕೂಗಿದರೂ ಸಾಕಿತ್ತು, ಅಷ್ಟು ದೂರದಲ್ಲಿ ತೂಕಡಿಸುತ್ತಿದ್ದವರೂ ಗಂಟುಮೂಟೆ ಎತ್ತಿಕೊಂಡು ಓಡುತ್ತಿದ್ದರು. ಜೊತೆಗೆ ಕೆಲಸ ಮಾಡುವವರು ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನು ಸೇರಿದ್ದ ಪಂಥದ ಸಭೆಯವರ ಕಿವಿಗೂ ಬಿದ್ದು, ಹಿಂದಿನ ವಾಚಕ ತೀರಿಕೊಂಡಾಗ, ಬೇರೆ ಯಾರ ಹೆಸರೂ ಚರ್ಚೆಗೆ ಬರದೆ ಅವನೇ ಗ್ರಂಥದ ವಾಚಕನಾಗಿದ್ದ. ವಿದ್ಯೆ ನೋಡಿ ಆರಿಸಿದ್ದಲ್ಲ, ಗಂಟಲು ನೋಡಿ ಆರಿಸಿದ್ದು. ಅದು ಅವನಿಗೂ ಗೊತ್ತಿತ್ತು, ಮತ್ತು ಗೊತ್ತಿದ್ದೂ ಸ್ವಲ್ಪ ಬೀಗುತ್ತಿದ್ದ.

ಇವತ್ತು ಸಂಜೆ ಅವನು ತನ್ನ ಸ್ವಂತ ತಂಗಿಯ ಮೇಲೆ ಹೊರಗಿನ ಓದು ಓದಬೇಕಿತ್ತು. ಸಭೆಯೆಂದರೆ ದೊಡ್ಡದೇನಲ್ಲ, ಒಂದು ಹಾಲಿನಲ್ಲಿ ಇಕ್ಕಟ್ಟಾಗಿ ಕೂರುವಷ್ಟು ಮನೆಗಳವರು, ಒಬ್ಬರಿಗೊಬ್ಬರು ಒಂದಲ್ಲ ಒಂದು ಕಡೆಯಿಂದ ನೆಂಟರು. ಹಿರಿಯರ ಮಾತು ಮೀರಿದವರನ್ನು ಹೊರಗೆ ಹಾಕುವಾಗ ಗ್ರಂಥದ ಬಾಗಿಲ ಅಧ್ಯಾಯದಿಂದ ಕೆಲವು ಸಾಲು ಓದುವುದು ಪದ್ಧತಿ. ಓದುವಾಗ ಎಲ್ಲರೂ ಎದ್ದು ಗೋಡೆಯ ಕಡೆ ಮುಖ ಮಾಡುತ್ತಾರೆ. ಹೊರಗೆ ಹೋಗುವವರ ಮುಖ ನೋಡುವ ಪಾಡು ವಾಚಕನೊಬ್ಬನಿಗೆ. ಗದರಿಸಿ ಓದಬೇಕೆಂದು ಎಲ್ಲೂ ಬರೆದಿಲ್ಲ. ಆದರೆ ಹಿಂದಿನ ವಾಚಕ ಗದರಿಸುತ್ತಿದ್ದ, ಅವನಿಗೆ ಕಲಿಸಿದವನೂ ಗದರಿಸುತ್ತಿದ್ದನಂತೆ. ಓದು ಮುಗಿದರೆ ಮುಗಿಯಿತು, ಆ ಮನುಷ್ಯನೊಂದಿಗೆ ಸಭೆಯವರು ಯಾರೂ ಮಾತಾಡುವಂತಿಲ್ಲ, ಮನೆಯೊಳಗೆ ಬಿಟ್ಟುಕೊಳ್ಳುವಂತಿಲ್ಲ, ಅವರ ಮನೆಗೆ ಹೋಗುವಂತಿಲ್ಲ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಅಮ್ಮ ವಾಚಕನ ಮನೆಯಲ್ಲಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿಕೊಂಡು ತಂಗಿ ದಿನವೂ ಬಂದು ಅವಳ ಪಕ್ಕ ಕೂರುತ್ತಿದ್ದಳು. ನಾಳೆಯಿಂದ ಬರುವಂತಿಲ್ಲ. ಅಮ್ಮ ಸತ್ತ ಸುದ್ದಿಯನ್ನೂ ಬೇರೆ ಯಾರ ಬಾಯಿಂದಲೋ ಕೇಳಬೇಕು.

ಅವಳು ಮಾಡಿದ್ದಾದರೂ ಏನು? ಗಂಡನ ಮನೆ ಬಿಟ್ಟು ಬಂದಿದ್ದಳು. ಗಂಡ ಹಿರಿಯರಲ್ಲೊಬ್ಬರ ಮಗ, ಹೊಡೆಯುವವನಲ್ಲ, ಕುಡಿಯುವವನಲ್ಲ. ಹಾಗಾದರೆ ಏನು ಕಷ್ಟವಮ್ಮಾ ಎಂದು ಸಭೆಯವರು ಕೇಳಿದಾಗ ತಂಗಿ, ಅವರು ನನ್ನನ್ನು ಒಂದು ದಿನವೂ ಬೈದಿಲ್ಲ, ಮೆಲ್ಲಗೆ, ಮರ್ಯಾದೆಯಿಂದ, ನಿನ್ನಿಂದ ನನಗೇನೂ ಬೇಕಾಗಿಲ್ಲ ಅನ್ನುತ್ತಾರೆ ಎಂದಿದ್ದಳು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಾಚಕನಿಗೂ ಅವಮಾನವಾಗಿ ತಲೆ ತಗ್ಗಿಸಿದ್ದ. ಇಂಥದ್ದಕ್ಕೆಲ್ಲ ಮನೆ ಬಿಡುವುದೇ, ಹೇಳಿಕೊಳ್ಳುವುದಕ್ಕೆ ಒಂದು ಏಟಿನ ಗುರುತಾದರೂ ಇರಬಾರದೇ ಎಂದು ಅವನ ಮನಸ್ಸಿಗೆ ಬಂದಿತ್ತು. ಬಂದದ್ದು ಬಂದೇ ಬಂದಿತ್ತು. ಆಮೇಲೆ ಎಷ್ಟು ಒರೆಸಿದರೂ ಹೋಗಲಿಲ್ಲ. ಹಿರಿಯರು ಮರಳಿ ಹೋಗು ಎಂದರು. ಅವಳು ಒಲ್ಲೆ ಎಂದಳು. ಲಾಂಡ್ರಿಯ ಕೆಲಸ ಹಿಡಿದು, ಇಸ್ತ್ರಿ ಅಂಗಡಿಯ ಮೇಲೆ ಒಂದು ಕೋಣೆ ಮಾಡಿಕೊಂಡಳು.

ಬಿಸಿನೀರು ಕುಡಿದದ್ದಾಯಿತು, ಹೆಂಡತಿ ಮಾಡಿಕೊಟ್ಟ ಕಷಾಯ ಕುಡಿದದ್ದಾಯಿತು. ಸಂಜೆಯವರೆಗೆ ಗಟ್ಟಿಯಾಗಿ ಒಂದು ಮಾತೂ ಆಡಕೂಡದೆಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ಓದಿ ನೋಡಿಕೊಳ್ಳದೆ ಹೋಗುವುದು ಅವನ ಜಾಯಮಾನವಲ್ಲ. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು, ಮಂಚದ ತುದಿಯಲ್ಲಿ ಕುಳಿತು, ಗ್ರಂಥವನ್ನು ತೊಡೆಯ ಮೇಲೆ ತೆರೆದು ಪಿಸುದನಿಯಲ್ಲಿ ಶುರು ಮಾಡಿದ. ಓದಬೇಕಾದ ಸಾಲುಗಳಿಗಿಂತ ಸ್ವಲ್ಪ ಹಿಂದಿನಿಂದ ಹಿಡಿದ, ಉಸಿರು ಹದಕ್ಕೆ ಬರಲಿ ಎಂದು. ‘ಊರಲ್ಲಿ ಬೇನೆ ಹಬ್ಬಿತ್ತು. ಗುರುಗಳು ಒಳಗೆ ಮಲಗಿದ್ದರು. ಕೆಮ್ಮು ಹೊರಗೆ ಕೇಳುತ್ತಿತ್ತು. ನಾನು ಬಾಗಿಲ ಬಳಿ ಕುಳಿತಿದ್ದೆ.’ ಇಷ್ಟು ಓದುವಾಗ ಅವನಿಗೇ ಕೆಮ್ಮು ಬಂತು. ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡು, ಬಾಗಿಲಾಚೆಯ ಅಮ್ಮನಿಗೆ ಕೇಳದ ಹಾಗೆ ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಉಸಿರು ಇನ್ನೂ ಸರಿಯಾಗಿ ಕೂಡಿರಲಿಲ್ಲ, ಹಾಗೆಯೇ ಮುಂದಿನ ಸಾಲು ಓದಿದ. ‘ಬರಬೇಡ, ಈ ಹೊಸ್ತಿಲು ದಾಟಬೇಡ. ನಾನು ಕುಡಿದ ಪಾತ್ರೆಯನ್ನು ನೀನು ಮುಟ್ಟಬೇಡ. ನನ್ನ ಊಟದಲ್ಲಿ ನಿನಗೆ ಪಾಲಿಲ್ಲ. ನನ್ನ ಹೆಸರು ಹಿಡಿದು ಕೂಗಬೇಡ, ನಾನು ಓಗೊಡುವುದಿಲ್ಲ. ನಿನ್ನ ಮುಖ ನನಗೆ ತೋರಿಸಬೇಡ. ಹೋಗು, ಬೆಳಕಿರುವಾಗಲೇ ಹೋಗು.’

ಓದಿ ಮುಗಿಸಿದವನು ಪುಟದ ಮೇಲಿಟ್ಟ ಬೆರಳನ್ನು ಎತ್ತಲಿಲ್ಲ. ಆ ಸಾಲುಗಳನ್ನು ಅವನು ಇದುವರೆಗೆ ಹೀಗೆ ಕೇಳಿಯೇ ಇರಲಿಲ್ಲ. ಬೈಯುವವನು, ಕತ್ತಲಾಗುವುದಕ್ಕೆ ಮೊದಲು ಮನೆ ಸೇರಿಕೋ ಅನ್ನುತ್ತಾನೆಯೇ? ಬೇನೆ ಬಿದ್ದು ಮಲಗಿರುವ ಮುದುಕ, ಸೇವೆ ಮಾಡಲು ಒಳಗೆ ನುಗ್ಗುತ್ತಿರುವ ಶಿಷ್ಯನಿಗೆ ಬರಬೇಡವೋ, ನಿನಗೂ ಅಂಟುತ್ತದೋ, ನನ್ನ ಪಾತ್ರೆ ಮುಟ್ಟಬೇಡವೋ ಎಂದು ಅಂಗಲಾಚುತ್ತಿದ್ದಾನೆ. ಮುಖ ತೋರಿಸಬೇಡ, ನೋಡಿದರೆ ನನ್ನ ಮನಸ್ಸು ಕರಗಿ ಒಳಗೆ ಕರೆದುಬಿಟ್ಟೇನು ಅನ್ನುತ್ತಿದ್ದಾನೆ. ವಾಚಕ ಕೆಳಗಿನ ಸಾಲು ಹಿಡಿದ. ‘ಅವರು ಅಂದದ್ದನ್ನು ನಾನು ಹೊರಗೆ ಕುಳಿತು ಬರೆದೆ. ಕತ್ತಲಾಯಿತು. ನಾನು ಹೋಗಲಿಲ್ಲ.’ ಬರೆದವನು ಆ ಶಿಷ್ಯನೇ. ಶಾಪ ಹಾಕಿಸಿಕೊಂಡವನು ಅಲ್ಲೇ ಕುಳಿತು ಅದನ್ನು ಅಕ್ಷರಕ್ಕಕ್ಷರ ಬರೆದುಕೊಳ್ಳುತ್ತಾನೆಯೇ? ಗುರುಗಳಷ್ಟು ತನ್ನನ್ನು ಬೇರೆ ಯಾರೂ ಪ್ರೀತಿಸಿರಲಿಲ್ಲ ಎಂದು ಲೋಕಕ್ಕೆ ತಿಳಿಯಲಿ ಅಂತಲ್ಲವೇ ಅವನು ಬರೆದದ್ದು? ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಅದೇ ಅವನನ್ನು ಹೆದರಿಸಿದ್ದು. ಬೇನೆಯ ಸಂಗತಿ ಸಭೆಯ ಮಕ್ಕಳಿಗೂ ಗೊತ್ತು. ‘ಕತ್ತಲಾಯಿತು, ನಾನು ಹೋಗಲಿಲ್ಲ’ ಎಂಬುದನ್ನು ಅವರಿಗೆ ಬಾಯಿಪಾಠ ಮಾಡಿಸುತ್ತಾರೆ. ವರ್ಷಕ್ಕೊಮ್ಮೆ ಇಡೀ ಗ್ರಂಥವನ್ನು ಅವನೇ ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ಮೇಲಿನ ಸಾಲು ಮೆಲ್ಲಗೆ, ಕೆಳಗಿನ ಸಾಲು ಮೆಲ್ಲಗೆ. ನಡುವಿನ ಈ ಸಾಲುಗಳು ಬಂದೊಡನೆ, ಏರಿನಲ್ಲಿ ಡ್ರೈವರನ ಕೈ ತಾನಾಗಿ ಗೇರು ಬದಲಿಸುವಂತೆ, ದನಿ ತಾನಾಗಿಯೇ ಮೇಲೇರುತ್ತಿತ್ತು. ಏಕೆ ಏರಬೇಕು ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಕೆಲಸಕ್ಕೆ ಹೋದ. ಹೋಗಬೇಕೆಂದೇನೂ ಇರಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಗೂಡಿನಲ್ಲಿ ಅವನ ಜಾಗದಲ್ಲಿ ಟಿಕೆಟ್ಟಿನ ಕೌಂಟರಿನವನು ಕುಳಿತು ಮೈಕಿನಲ್ಲಿ ಅರಚುತ್ತಿದ್ದ. ಇವನನ್ನು ನೋಡಿ ಕಣ್ಣು ಮಿಟುಕಿಸಿ, ಗುಡುಗಪ್ಪನೋರು ಇವತ್ತು ಬರೀ ಮೋಡವಂತೆ ಎಂದು ಮೈಕಿನಲ್ಲೇ ಹೇಳಿಬಿಟ್ಟ. ಗೊತ್ತಿದ್ದವರು ನಕ್ಕರು. ವಾಚಕನೂ ಹಲ್ಲು ಕಿರಿದ. ಬೆಂಚಿನ ಮೇಲೆ ಕುಳಿತವನಿಗೆ ಸುತ್ತಲಿನ ಮಾತೆಲ್ಲ ಮಾತಾಗಿ ಅಲ್ಲ, ಬರಿಯ ದನಿಯಾಗಿ ಕೇಳತೊಡಗಿತು. ಒಬ್ಬಳು ತಾಯಿ ಮಗುವಿಗೆ, ಸಾಯಿ ಹೋಗು, ಎಲ್ಲಾದರೂ ಬಿದ್ದು ಸಾಯಿ ಎನ್ನುತ್ತ ಅದರ ಮೂಗು ಒರೆಸುತ್ತಿದ್ದಳು. ಒಬ್ಬ ಗಂಡಸು ಫೋನಿನಲ್ಲಿ, ಆಗಲಿ ಸಾರ್, ಖಂಡಿತ ಸಾರ್ ಎಂದು ಹಲ್ಲು ಕಡಿಯುತ್ತಿದ್ದ. ಮಗುವಿಗೂ ಗೊತ್ತಾಗುತ್ತದೆ, ಅಮ್ಮ ಸಾಯಿ ಅಂದದ್ದಕ್ಕೆ ಅದು ಅಳಲಿಲ್ಲ. ಅಷ್ಟೂ ತಿಳಿಯದವನು ತಾನು. ತಾನು ಓದಿ ಹೊರಗೆ ಹಾಕಿದವರ ಮುಖಗಳು ಒಂದೊಂದಾಗಿ ಬಂದವು: ಸಭೆಯ ಹಣ ಮುಟ್ಟಿದನೆಂದು ಹೊರಹಾಕಿಸಿಕೊಂಡ ಬಡಗಿ, ಓದು ಮುಗಿಯುವವರೆಗೂ ಗಲ್ಲ ನಡುಗಿಸುತ್ತ ನಿಂತಿದ್ದ; ಹೊರಹಾಕಿಸಿಕೊಂಡ ಮಗನೊಂದಿಗೆ ಮಾತು ಬಿಡಲು ಒಪ್ಪದ ವಿಧವೆ, ಕೊನೆಯ ಸಾಲಿಗೆ ಸರಿಯಾಗಿ ಚಪ್ಪಲಿ ಹುಡುಕಲು ಬಗ್ಗಿದ್ದಳು, ಕತ್ತಲಲ್ಲಿ ಕಾಣದವಳಂತೆ ನೆಲವನ್ನು ಸವರುತ್ತಿದ್ದಳು. ಆ ಸಂಜೆ ಮನೆಗೆ ಬಂದು ಅವನು ಹೊಟ್ಟೆತುಂಬ ಉಂಡಿದ್ದ. ಇವತ್ತು ದನಿ ಹೇಗೆ ಬಂತು ಎಂದು ಹೆಂಡತಿಯನ್ನು ಕೇಳಿದ್ದ. ಜಗತ್ತಿನಲ್ಲೇ ಅತ್ಯಂತ ಮೃದುವಾದ ಮಾತನ್ನು ಹಿಡಿದು ಜನರ ಮುಖಕ್ಕೆ ಹೊಡೆದಿದ್ದ. ಹೊಡೆದದ್ದಕ್ಕೆ ಭೇಷ್ ಅನ್ನಿಸಿಕೊಂಡಿದ್ದ. ಎದ್ದು ನಿಂತ.

ಹಿರಿಯರ ಕನ್ನಡಕದ ಅಂಗಡಿ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇತ್ತು. ಸಭೆಯ ಹಿರಿಯರಲ್ಲಿ ಅವರೇ ದೊಡ್ಡವರು, ಅವರ ಮಾತೇ ಕೊನೆಯ ಮಾತು. ಗಿರಾಕಿಯೊಬ್ಬಳ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ವಿಚಾರಿಸುತ್ತಿದ್ದರು. ವಾಚಕ ಕಾದು ನಿಂತ. ಅವಳು ಹೋದ ಮೇಲೆ, ಇರುವಷ್ಟು ದನಿಯಲ್ಲಿ ತೊದಲುತ್ತ ವಿಷಯ ಹೇಳಿದ. ಬಾಗಿಲ ಅಧ್ಯಾಯದ ಆ ಸಾಲು ಬೈಗುಳವಲ್ಲ ಅನ್ನಿಸುತ್ತದೆ, ಕೆಮ್ಮು ಮೊದಲೇ ಬರುತ್ತದಲ್ಲ, ಪಾತ್ರೆ ಮುಟ್ಟಬೇಡ ಎಂದದ್ದು ಬೇನೆ ಅಂಟಬಾರದೆಂದು, ಬರೆದವನ ಮನಸ್ಸಿನಲ್ಲಿದ್ದದ್ದೇ ಬೇರೆ. ಹೇಳುತ್ತ ಹೋದಂತೆ ತಾನು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತಿರುವುದು ಅವನ ಗಮನಕ್ಕೆ ಬಂತು. ಹಿರಿಯರು ಕೋಪಿಸಿಕೊಳ್ಳುತ್ತಾರೆ, ನೀನು ಯಾವ ದೊಡ್ಡ ಪಂಡಿತ ಎಂದು ಕೇಳುತ್ತಾರೆ ಎಂದುಕೊಂಡಿದ್ದ. ಅವರು ಒರೆಸುತ್ತಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡಿದರು.

‘ಇರಬಹುದು,’ ಎಂದರು. ‘ನಂಗೂ ಒಂದ್ಸಲ ಹಾಗೆ ಅನ್ನಿಸಿತ್ತು.’

ವಾಚಕ ಕಟ್ಟಿದ್ದ ಕೈ ಬಿಟ್ಟ.

‘ಆದ್ರೆ ನೋಡು, ಹೊರಗೆ ಹಾಕೋವಾಗ ಏನಾದ್ರೂ ಓದಬೇಕಲ್ಲಪ್ಪ. ಇಡೀ ಗ್ರಂಥ ತಿರುವಿ ಹಾಕಿದೀನಿ. ಯಾರನ್ನೂ ಹೊರಗೆ ಕಳಿಸೋ ಮಾತು ಬೇರೆ ಎಲ್ಲೂ ಇಲ್ಲ. ಇರೋದು ಇದೊಂದೇ.’

ಅದಾದ ಮೇಲೆ ಅವರು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸು, ಸಂಜೆಯೊಳಗೆ ಸರಿಹೋಗುತ್ತದೆ ಎಂದು ಹೇಳಿ ಮುಂದಿನ ಗಿರಾಕಿಯನ್ನು ಬರಮಾಡಿಕೊಂಡರು. ವಾಚಕ ಬೀದಿಗಿಳಿದ. ಗೊತ್ತಿಲ್ಲದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ, ಗೊತ್ತಿದ್ದೇ ಮಾಡುತ್ತಿದ್ದರು. ಗೊತ್ತಿದ್ದೂ ರಾತ್ರಿ ನಿದ್ದೆ ಮಾಡುತ್ತಿದ್ದರು. ಈ ಸಂಜೆ ನಾನು ಓದುವುದಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಬೇರೆ ಯಾರಾದರೂ ಓದುತ್ತಿದ್ದರು, ಅಷ್ಟೇ, ಎಂದು ಸಮಾಧಾನ ಮಾಡಿಕೊಂಡ. ಸಮಾಧಾನ ಮಾಡಿಕೊಳ್ಳುತ್ತಿರುವವನು ಹೆದರಿದವನೆಂದೂ ತಿಳಿಯಿತು. ವಾಚಕನ ಕುರ್ಚಿ ಹೋಗುತ್ತದೆ, ಸಭೆಯಲ್ಲಿ ಮಗಳ ಸಂಬಂಧದ ಮಾತು ನಡೆಯುತ್ತಿದೆ, ಅಮ್ಮನ ಮಣ್ಣಿಗೆ ನಾಲ್ಕು ಜನ ಬೇಕು. ಕಾಲುಗಳು ಅವನನ್ನು ಇಸ್ತ್ರಿ ಅಂಗಡಿಯ ಮುಂದೆ ತಂದು ನಿಲ್ಲಿಸಿದವು. ಮೇಲಿನ ಕಿಟಕಿಯಲ್ಲಿ ತಂಗಿಯ ಟವೆಲ್ಲು ಒಣಗುತ್ತಿತ್ತು. ಹತ್ತಿ ಹೋಗಿ, ಹೀಗಂತೆ ಕಣೇ, ಅದರ ಅರ್ಥವೇ ಬೇರೆಯಂತೆ ಎಂದು ಹೇಳಿದರೆ ಮುಗಿಯಿತು. ಹೇಳಿದರೆ ಅವಳು, ಹಾಗಾದರೆ ಓದಬೇಡ ಅನ್ನುತ್ತಾಳೆ. ಆ ಮಾತಿಗೆ ಏನು ಉತ್ತರ ಕೊಡುವುದು? ಇಸ್ತ್ರಿಯವನು ತಲೆಯೆತ್ತಿ ಏನು ಬೇಕು ಎಂಬಂತೆ ನೋಡಿದ. ಏನಿಲ್ಲ ಎಂದು ತಲೆಯಾಡಿಸಿ ವಾಚಕ ಮುಂದೆ ನಡೆದ.

ದಾರಿ ಹೊಳೆದದ್ದು ಆಗ. ಓದುತ್ತೇನೆ, ಆದರೆ ಗುರುಗಳು ಹೇಳಿದ ಹಾಗೆ ಓದುತ್ತೇನೆ. ಅದೇ ಸಾಲು, ಅದೇ ಪದ, ಯಾರೂ ತಪ್ಪು ಹಿಡಿಯುವಂತಿಲ್ಲ. ಗಂಟಲು ಕೆಟ್ಟಿದೆ ಎಂಬ ನೆಪ ಬೇರೆ ಇದೆ. ಗೋಡೆಗೆ ಮುಖ ಮಾಡಿದವರಿಗೆ ತಿಳಿಯದಿದ್ದರೆ ಬೇಡ, ಎದುರಿಗೆ ನಿಂತವಳಿಗೆ ತಿಳಿಯುತ್ತದೆ. ಅಣ್ಣ ನನ್ನನ್ನು ಹೊರಗೆ ಹಾಕುತ್ತಿಲ್ಲ, ಈ ಬೇನೆ ಹಿಡಿದ ಮನೆಯಿಂದ ಪಾರು ಮಾಡುತ್ತಿದ್ದಾನೆ ಎಂದು ಅರ್ಥವಾಗುತ್ತದೆ. ಇಷ್ಟು ಹೊಳೆದದ್ದೇ ತಡ, ಮನೆಯ ಕಡೆ ಬೇಗ ಬೇಗ ಹೆಜ್ಜೆ ಹಾಕಿದ. ಮನೆಗೆ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ ಅವನ ಹೆಜ್ಜೆ ಗುರುತಿಸಿ ಹತ್ತಿರ ಕರೆದಳು. ಅವಳು ಬೆಳಗಿನಿಂದ ಆ ವಿಷಯ ಎತ್ತಿರಲಿಲ್ಲ, ಅತ್ತಿರಲಿಲ್ಲ, ಬೇಡವೆಂದೂ ಬೇಡಿಕೊಂಡಿರಲಿಲ್ಲ. ಅವನ ಮೊಣಕೈಯನ್ನು ಹಿಡಿದುಕೊಂಡು, ‘ಜೋರಾಗಿ ಓದಬೇಡ ಕಣೋ,’ ಎಂದಳು. ‘ಚಿಕ್ಕಂದಿನಿಂದ ನಿನ್ನ ದನಿ ಅಂದ್ರೆ ಕೂಸು ಹೆದರುತ್ತೆ.’ ಇಲ್ಲಮ್ಮ, ಮೆಲ್ಲಗೇ ಓದ್ತೀನಿ ಎಂದು ಅವನು ಮಾತು ಕೊಟ್ಟ. ಮಾತು ಕೊಡುವಾಗ ಅವನಿಗೆ ಖುಷಿಯಾಗಿತ್ತು ಎಂದೇ ಹೇಳಬೇಕು.

ಸಂಜೆ ಸಭೆಯ ಹಾಲ್ ಜನರಿಂದ ತುಂಬಿತ್ತು. ಮದುವೆಗೆ ಬರದವರೂ ಇಂಥದ್ದಕ್ಕೆ ಬರುತ್ತಾರೆ. ತಂಗಿ ಕೆಲಸದ ಬಟ್ಟೆಯಲ್ಲೇ ಬಂದು ಬಾಗಿಲ ಪಕ್ಕ ನಿಂತಳು. ಅವಳ ಕೈಗಳು ಸೋಪಿನ ನೀರಿನಲ್ಲಿ ನೆನೆದು ಬಿಳಿಚಿಕೊಂಡಿದ್ದವು. ಗಂಡನ ಮನೆಗೆ ಮರಳುತ್ತೀಯಾ ಎಂದು ಹಿರಿಯರು ಕೊನೆಯ ಸಲ ಕೇಳಿದರು. ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಬಟ್ಟೆಗಳ ಸರಭರ ಸದ್ದಾಗಿ ಎಲ್ಲ ಬೆನ್ನುಗಳೂ ತಿರುಗಿದವು, ಅವುಗಳಲ್ಲಿ ಅವನ ಹೆಂಡತಿಯ ಬೆನ್ನೂ ಒಂದು. ಅಣ್ಣ ತಂಗಿ ಇಬ್ಬರೇ ಎದುರೆದುರು ಉಳಿದರು. ತಂಗಿ ಅವನನ್ನು ನೋಡಿ, ತಣ್ಣೀರು ತಲೆಗೆ ಸುರಿಸಿಕೊಳ್ಳುವವರಂತೆ ಹೆಗಲು ಮೇಲೆತ್ತಿ, ಹಲ್ಲು ಕಚ್ಚಿ, ಶುರು ಮಾಡು ಎಂಬಂತೆ ಹುಬ್ಬು ಕುಣಿಸಿದಳು. ಅದರಲ್ಲಿ ತಮಾಷೆಯೂ ಇತ್ತು. ಗ್ರಂಥದ ಕಡೆ ಅವನು ನೋಡಲೇ ಇಲ್ಲ. ಅವಳ ಮುಖ ನೋಡುತ್ತ, ಇದ್ದ ಪ್ರೀತಿಯನ್ನೆಲ್ಲ ದನಿಗೆ ತಂದುಕೊಂಡು, ಜ್ವರದ ಮಗುವಿಗೆ ಹೇಳುವಂತೆ ಹೇಳಿದ. ಬರಬೇಡ. ಈ ಹೊಸ್ತಿಲು ದಾಟಬೇಡ. ಒಂದೊಂದು ಮಾತೂ ನಿಧಾನವಾಗಿ, ಬಿಡಿಬಿಡಿಯಾಗಿ ಅವಳನ್ನು ಮುಟ್ಟುತ್ತಿರುವುದು ಅವನಿಗೆ ಕಾಣುತ್ತಿತ್ತು. ಮೊದಲು ಅವಳ ಹುಬ್ಬು ಕೆಳಗಿಳಿಯಿತು, ಆಮೇಲೆ ಹೆಗಲು. ನಿನ್ನ ಮುಖ ನನಗೆ ತೋರಿಸಬೇಡ ಎನ್ನುವಾಗ ಅವನ ದನಿ ಒಡೆಯಿತು, ಅವಳ ಕಣ್ಣಲ್ಲಿ ನೀರು ತುಂಬಿತು. ತಿಳಿಯಿತು, ಅವಳಿಗೆ ತಿಳಿಯಿತು ಎಂದು ಅವನ ಒಳಗೆಲ್ಲ ಹಗುರವಾಯಿತು. ಕೊನೆಯ ಸಾಲನ್ನು ಅವನು ಹೆಚ್ಚುಕಡಿಮೆ ನಗುತ್ತಲೇ ಹೇಳಿದ.

ಅವಳು ಹೊರಗೆ ಹೋದಳು. ಗೇಟು ಹಾಕಿದ ಸದ್ದು ಕೇಳುವವರೆಗೆ ಯಾರೂ ತಿರುಗುವಂತಿಲ್ಲ. ಗೋಡೆಯ ಕಡೆಯಿಂದ ಹಿರಿಯರು ಕತ್ತು ಮಾತ್ರ ಹೊರಳಿಸಿ, ಸಂತೃಪ್ತರಾಗಿ ತಲೆದೂಗಿದರು. ‘ಇನ್ಮೇಲೆ ಹೀಗೇ ಓದಪ್ಪ. ಕೂಗೋದಕ್ಕಿಂತ ಚೆನ್ನಾಗಿ ನಾಟುತ್ತೆ.’ ವಾಚಕನಿಗೆ ಆ ಮಾತು ಕೂಡಲೇ ಅರ್ಥವಾಗಲಿಲ್ಲ. ಗ್ರಂಥವನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲಿಗೆ ಬಂದ. ತಂಗಿ ಗೇಟಿನ ಬಳಿ ನಿಂತಿದ್ದಳು, ಒಂದು ಕೈ ಚಿಲಕದ ಮೇಲಿತ್ತು. ಗೇಟು ಹಾಕುವವರೆಗೆ ಅವಳು ಮಾತಾಡಬಹುದು; ಅವಳಿಗೆ ಉತ್ತರ ಕೊಡುವುದು ಮಾತ್ರ ನಿಷಿದ್ಧ.

‘ನೀನು ಕೂಗ್ತೀಯ ಅಂತ ಗಟ್ಟಿ ಮನಸ್ಸು ಮಾಡ್ಕೊಂಡು ಬಂದಿದ್ದೆ ಅಣ್ಣ,’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ‘ಕೂಗಿದ್ರೆ ಅದು ಸಭೆ ಮಾತು, ನಮ್ಮಣ್ಣಂದಲ್ಲ ಅಂತ ಅಂದ್ಕೊಳ್ತಿದ್ದೆ. ನೀನು ನನ್ನ ಮುಖ ನೋಡಿ, ಮನಸ್ಸಾರೆ ಹೇಳ್ದೆ.’ ಸ್ವಲ್ಪ ತಡೆದಳು. ‘ಕೊನೇಲಿ ನಕ್ಕೆ ಕೂಡ.’

ವಾಚಕ ಒಂದು ಮೆಟ್ಟಿಲು ಇಳಿದ. ಹಾಗಲ್ಲ, ಅದು ಹಾಗಲ್ಲ ಎಂದು ಅವನ ಒಳಗೆ ಏನೋ ಬಡಿದುಕೊಳ್ಳುತ್ತಿತ್ತು. ಕೆಮ್ಮು, ಪಾತ್ರೆ, ಬಾಗಿಲ ಹೊರಗೆ ಕುಳಿತು ಬರೆದವನು, ಎಲ್ಲವನ್ನೂ ಹೇಳಬೇಕಿತ್ತು. ಬೆಳಿಗ್ಗೆಯೇ, ಇಸ್ತ್ರಿ ಅಂಗಡಿಯ ಮೇಲಿನ ಕೋಣೆಗೆ ಹತ್ತಿ ಹೋಗಿ ಹೇಳಬೇಕಿತ್ತು. ಬೆನ್ನ ಹಿಂದೆ ಇಡೀ ಸಭೆ ಕಿವಿ ನಿಮಿರಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತಿತ್ತು. ತಂಗಿ, ಅಮ್ಮನನ್ನು ಚೆನ್ನಾಗಿ ನೋಡಿಕೋ ಎಂದು ಹೇಳಿ, ಗೇಟಿನಾಚೆ ದಾಟಿ, ಚಿಲಕ ಹಾಕಿದಳು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಣ್ ಎಂದಿತು. ಅವಳು ಬೀದಿಯ ತಿರುವಿನ ಕಡೆ ನಡೆದಳು, ಇನ್ನು ನಾಲ್ಕು ಹೆಜ್ಜೆಗೆ ಕಾಣದಾಗುತ್ತಿದ್ದಳು. ಆಗ ಅವನು ಬಾಯಿ ತೆರೆದ. ಬೇಡಿಕೊಳ್ಳುವುದಕ್ಕೆಂದು, ಬಾರೇ ಎಂದು ಕರೆಯುವುದಕ್ಕೆಂದು ತೆರೆದ ಬಾಯಿಂದ, ಬೆಳಗಿನಿಂದ ಕಟ್ಟಿಕೊಂಡಿದ್ದ ಗಂಟಲನ್ನು ಹರಿದುಕೊಂಡು, ಬಸ್‌ ನಿಲ್ದಾಣವೇ ಬೆಚ್ಚುವಂಥ ಆ ಹಳೆಯ ದನಿ ಹೊರಬಿತ್ತು.

‘ನಿಲ್ಲೇ!’

ಬೀದಿಯಲ್ಲಿ ಹೋಗುತ್ತಿದ್ದ ಅಪರಿಚಿತರೂ ತಿರುಗಿ ನೋಡಿದರು. ತಂಗಿ ಹೊಡೆಸಿಕೊಂಡವಳಂತೆ ಹೆಗಲು ಕುಗ್ಗಿಸಿದಳು. ಹಾಲಿನೊಳಗೆ ಯಾರೋ, ಬಂತು ನೋಡು ಗಂಟಲು ಎಂದು ಮೆಚ್ಚಿಗೆಯಿಂದ ಹೇಳಿದರು. ಅವಳು ಹಿಂತಿರುಗಿ ನೋಡಲಿಲ್ಲ. ಓಡಲು ಶುರು ಮಾಡಿದಳು.